ಹಿತ್ತಲ ಕದ

ಬುರೇಲದ ಬಂದರಿನಲ್ಲಿ ಹರಾಜು ಏರುವುದಿಲ್ಲ, ಇಳಿಯುತ್ತದೆ:
ಹನ್ನೆರಡು, ಹನ್ನೊಂದೂವರೆ, ಹನ್ನೊಂದು.
ಗೋಡೆಯ ಕೆಂಪಂಕಿ ಜಾರುತ್ತಿರುವಾಗ
ಮೊದಲು ಗುಂಡಿ ಒತ್ತಿದವರದು ಮೀನು.
ಇದಕ್ಕೂ ಕೆಳಗೆ ಕೊಡೆವೆಂಬ ಕಡೇ ಬೆಲೆ
ದೋಣಿಯವರಿಗೆ ಗೊತ್ತು, ಕಚೇರಿಯ ಕಂಪ್ಯೂಟರಿಗೆ ಗೊತ್ತು.
ದೇವರಿಗೂ ಗೊತ್ತಿದ್ದೀತು, ಅವನು ಮೀನು ಕೊಳ್ಳುವುದಿಲ್ಲ.

ಮೂರು ವಾರದಿಂದ ಇನ್ನೊಬ್ಬನಿಗೂ ಗೊತ್ತಿತ್ತು.
ಅಂಕಿ ತಳ ಮುಟ್ಟಲು ಕೂದಲೆಳೆ ಇರುವಾಗ
ಎಲ್ಲಿಂದಲೋ ಒಂದು ಬೆರಳು. ಟಕ್.
ಅದೃಷ್ಟ ಅಂದರು ಮೊದಲ ದಿನ,
ಅನುಭವ ಅಂದರು ನಾಲ್ಕನೆಯ ದಿನ,
ಆಮೇಲೆ ಏನೂ ಅನ್ನದೆ ನನ್ನನ್ನು ಕರೆಸಿದರು.

ನಾನು ಸಬೆಲಾ. ಚೀಲದಲ್ಲಿ ಎರಡು ಪೆನ್‌ಡ್ರೈವು,
ಒಂದು ಸ್ಕ್ರೂಡ್ರೈವರು, ಅರ್ಧ ತಿಂದ ಬ್ರೆಡ್ಡು.
ಲೆಕ್ಕದ ಒಬ್ದೂಲಿಯಾ ಕುರ್ಚಿ ಬಿಟ್ಟುಕೊಟ್ಟರು,
ಮೈಲಿಗೆಯಾದವರಂತೆ ಗೋಡೆಗಂಟಿ ನಿಂತರು.
ಮಂಜುಗಡ್ಡೆ ಕಂಪನಿಯ ಬಿಲ್ಲು ಬಂದಿತ್ತಮ್ಮ,
ಎರಡು ಸಲ ಒತ್ತಿದೆ, ತೆರೆಯಲೇ ಇಲ್ಲ.
ಹೆಸರು ಅದೇ, ಗುರುತು ಅದೇ,
ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ.
ತೆರೆಯಿತು ಒಬ್ದೂಲಿಯಾ,
ನಿಮ್ಮ ಕಡೆಗಲ್ಲ.

ಇದು ಏನನ್ನೂ ಮುರಿಯುವುದಿಲ್ಲ, ಕೂಗುವುದಿಲ್ಲ.
ಪ್ರಿಂಟರಿನ ಆಳೆಂದು ಹೆಸರಿಟ್ಟುಕೊಂಡು
ಆಳುಗಳ ಸಾಲಿನಲ್ಲೇ ಉಣ್ಣಲು ಕೂರುತ್ತದೆ.
ನೀವು ಯಂತ್ರ ಎಬ್ಬಿಸಿದರೆ ತಾನೂ ಏಳುತ್ತದೆ.
ಹೊರಗಿಂದ ತಟ್ಟುವವರನ್ನು ಕಾವಲು ಕೇಳುತ್ತದೆ,
ಒಳಗಿಂದ ಹೊರಟವರನ್ನು ಕೇಳುವವರಿಲ್ಲ.
ರಾತ್ರಿ ಎರಡೂ ನಲವತ್ತಕ್ಕೆ ಒಳಗಿಂದಲೇ ಅಗುಳಿ ತೆಗೆದು
ಯಜಮಾನನನ್ನು ಕರೆಯುತ್ತದೆ:
ಎಲ್ಲರೂ ಮಲಗಿದ್ದಾರೆ, ಬಾ.

ಮೊದಲು ತಂತಿ ಕಿತ್ತೆ.
ಕಳ್ಳನ ಕೈಗೆ ದೀಪ ಕೊಟ್ಟು ಕಳ್ಳನನ್ನು ಹುಡುಕಬಾರದು;
ನನ್ನ ಪೆನ್‌ಡ್ರೈವಿನಿಂದ ಯಂತ್ರವನ್ನೆಬ್ಬಿಸಿ
ಮೂಲೆಮೂಲೆ ಜಾಲಾಡಿದೆ.
ಸಿಕ್ಕ. ಅಳಿಸಿದೆ. ಕಾಫಿ ಕುಡಿದು ಬಂದು ನೋಡಿದರೆ
ಮತ್ತೆ ಅಲ್ಲೇ ಇದ್ದಾನೆ, ಎಲೆ ಮುಂದೆ.
ಗಂಟೆಗೊಮ್ಮೆ ಅವನನ್ನು ಹೆರುವ ಒಂದು ಕಟ್ಟಳೆಯನ್ನು
ವೇಳಾಪಟ್ಟಿಯಲ್ಲಿ ಬರೆದಿಟ್ಟಿದ್ದ.
ಅದನ್ನೂ ಅಳಿಸಿದೆ.
ಆದರೂ ಎದೆ ನಂಬಲಿಲ್ಲ.
ಒಂದು ಕದ ಸಿಕ್ಕರೆ ಎರಡನೆಯದು ಇಲ್ಲವೆಂದು
ಹೇಳುವವರು ಯಾರು?

ಎಲ್ಲ ಒರೆಸಿ ಹೊಸದಾಗಿ ಹಾಕುವುದೇ ಸರಿ ಅಂದೆ.
ಏಪ್ರಿಲ್ ಒಂಬತ್ತರ ನಕಲು ಬೀರುವಿನಲ್ಲಿತ್ತು,
ಬಿಲ್ಲು ಬರುವ ಮುಂಚಿನದು, ಪುಣ್ಯ.
ನಡುವಿನ ಲೆಕ್ಕ ಕಾಗದದಿಂದ ಬರೆಯಬೇಕು.
ಬರೆಯುತ್ತೇನೆ ಅಂದರು, ಕನ್ನಡಕ ಒರೆಸುತ್ತ.

ಇನ್ನು ಗುಪ್ತಪದ. ಬೇರೆ ಯಂತ್ರದಿಂದ, ಎಲ್ಲವನ್ನೂ.
ಎಷ್ಟಿವೆ? ಒಂದೇ ಅಂದರು.
ಬ್ಯಾಂಕಿಗೂ ಅಂಚೆಗೂ ಹರಾಜಿಗೂ ಒಂದೇ:
ನೋವಾ ಎರ್ಮಿದಾ.
ಹತ್ತೊಂಬತ್ತು ವರ್ಷದ ಹಿಂದೆ ಹೋದ ದೋಣಿ,
ಐದು ಜನ, ಒಬ್ಬ ಅವರ ತಮ್ಮ.
ದಿನಾ ಬೆಳಿಗ್ಗೆ ಬೆರಳಲ್ಲಿ ಆ ಹೆಸರು ಹೇಳಿಯೇ
ಅವರು ಲೆಕ್ಕಕ್ಕೆ ಕೂತದ್ದು.
ಅವನಿಗೂ ಗೊತ್ತಾಗಿತ್ತೇ ಈ ಹೆಸರು?
ಸುಳ್ಳು ಹೇಳಬಹುದಿತ್ತು. ಗೊತ್ತಾಗಿತ್ತು ಅಂದೆ.
ಮೀನು ಹೋದದ್ದಕ್ಕೆ ಅಳದವರು
ಕೀಲಿಮಣೆಯ ಮೇಲೆ ಕೈಯಿಟ್ಟು
ಸ್ವಲ್ಪ ಹೊತ್ತು ಹಾಗೇ ಕೂತರು.
ಆಮೇಲೆ ನನಗೆ ಬೆನ್ನು ಮಾಡಿ
ಉದ್ದನೆಯದೊಂದನ್ನು ಒತ್ತಿದರು. ನಾನು ಎಣಿಸಲಿಲ್ಲ.

ನಲವತ್ತೊಂದನೆಯ ನಂಬರಿನ ವಿಳಾಸದಲ್ಲಿ
ಬೀಗ ಜಡಿದ ಒಂದು ಗ್ಯಾರೇಜು.
ಪೊಲೀಸರು ಬಂದರು, ಬರೆದುಕೊಂಡರು, ಹೋದರು.

ಮಂಗಳವಾರ ಹರಾಜಿಗೆ ನಿಂತು ನೋಡಿದೆ.
ಕೆಂಪಂಕಿ ಇಳಿಯಿತು, ಇಳಿಯಿತು,
ಯಾರ ಬೆರಳೂ ಅಲುಗಲಿಲ್ಲ,
ತಳ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.
ಮೊದಲ ಪೆಟ್ಟಿಗೆ ಮಾರದೆ ವಾಪಸು ಹೋಯಿತು,
ಮಂಜಿನ ಮೇಲೆ ಮೀನಿನ ಕಣ್ಣು ತೆರೆದೇ ಇತ್ತು.
ಮೇಲಿನ ಕಿಟಕಿಯಲ್ಲಿ ಒಬ್ದೂಲಿಯಾ
ಇಷ್ಟು ದಿನದಲ್ಲಿ ಮೊದಲ ಸಲ ನಕ್ಕರು.